ರಾಡಿ ಒಣಗಲಿ, ಆಮೇಲೆ ಬ್ರಷ್ ಹಿಡಿಯಿರಿ

ಹಿಂಗಾರಿ ಮಳೆ ಹಿಡಿಯಿತೆಂದರೆ ವಿಜಯಪುರ, ಬಾಗಲಕೋಟೆ ಕಡೆ ಕುದುರೆ ಸಾಕಿದವರಿಗೆ ಕೆಲಸ ಇಮ್ಮಡಿ. ಸಂಜೆ ಟಾಂಗಾ ಬಿಚ್ಚುವ ಹೊತ್ತಿಗೆ ಕಾಲು ಮೊಣಕಾಲತನಕ ಕರಿ ರಾಡಿ. ನೋಡಿದ ಕೂಡಲೇ ಕೈ ನೀರಿನ ಪೈಪಿಗೆ ಹೋಗುತ್ತದೆ. ದಿನಾ ಸಂಜೆ ಹೀಗೆ ತೊಳೆದು, ಒದ್ದೆ ಕಾಲಲ್ಲೇ ರಾತ್ರಿಯಿಡೀ ಕಟ್ಟಿಹಾಕುವುದರಿಂದಲೇ ಕಾಲು ಹೆಚ್ಚು ಕೆಡುತ್ತದೆ.

ಕಾರಣ ಚರ್ಮದಲ್ಲಿದೆ. ಸದಾ ಒದ್ದೆಯಾಗಿರುವ ಚರ್ಮ ನೆನೆದು ಮೆತ್ತಗಾಗುತ್ತದೆ, ಮಣ್ಣಿನ ಕಣ ಉಜ್ಜಿ ಅಲ್ಲಲ್ಲಿ ಗೀರು ಬೀಳುತ್ತದೆ. ಡರ್ಮಟೋಫಿಲಸ್ ಎಂಬ ಬ್ಯಾಕ್ಟೀರಿಯಾ ತೇವ ಸಿಕ್ಕಾಗ ಎಚ್ಚರವಾಗಿ ಆ ಗೀರುಗಳಿಂದ ಒಳಗೆ ಇಳಿಯುತ್ತದೆ. ಗೊರಸಿನ ಮೇಲೆ, ಹಿಂಬದಿಯ ತಗ್ಗಿನಲ್ಲಿ ಹಕ್ಕಳೆ ಕಟ್ಟುವ ಕೆಸರು ಹುಣ್ಣು ಹುಟ್ಟುವುದು ಹೀಗೆ. ಬಿಳಿ ಕಾಲಿಗೆ ಇದರ ಕಾಟ ಹೆಚ್ಚು. ಮದುವೆ ಮೆರವಣಿಗೆಗೆ ಎಲ್ಲರೂ ಬಯಸುವ ಪಂಚಕಲ್ಯಾಣಿ ಕುದುರೆಗೆ ನಾಲ್ಕೂ ಕಾಲು ಬಿಳಿ, ಹಾಗಾಗಿ ಅದರ ಆರೈಕೆಯೂ ನಾಲ್ಕು ಪಟ್ಟು.

ಮಣ್ಣಿನ ಗುಣವೂ ತಿಳಿದಿರಬೇಕು. ಬೆಳಗಾವಿ ಕಡೆಯ ಕೆಂಪು ಮಸಾರಿ ಒಣಗಿದರೆ ಪುಡಿಯಾಗಿ ಉದುರುತ್ತದೆ. ಡೋಣಿ ನದಿ ದಂಡೆಯ ಎರಿ, ಅಂದರೆ ಕರಿ ಮಣ್ಣು, ಹಾಗಲ್ಲ. ಅದು ನೀರು ಕುಡಿದು ಉಬ್ಬುವ, ಒಣಗಿದಾಗ ಕುಗ್ಗುವ ಜಿಗಟು ಮಣ್ಣು. ಬೇಸಿಗೆಯಲ್ಲಿ ಹೊಲ ಬಿರಿಯುವುದು ಯಾಕೋ, ಕಾಲ ಮೇಲೆ ಒಣಗಿದ ಎರಿ ಕೂದಲನ್ನು ಹಿಡಿದು ಎಳೆಯುವುದೂ ಅದಕ್ಕೇ. ಆ ಹೆಂಟೆಯನ್ನು ಕಿತ್ತರೆ ಕೂದಲೂ ಬರುತ್ತದೆ, ಕೆಳಗಿನ ಚರ್ಮವೂ ಸುಲಿಯುತ್ತದೆ.

ಹಾಗಾದರೆ ಮಾಡುವುದೇನು? ಕುದುರೆಯನ್ನು ಸೂರಿನಡಿ, ಒಣ ನೆಲದ ಮೇಲೆ ಕಟ್ಟಿ. ಒಂದು ಹಿಡಿ ಒಣ ಬತ್ತದ ಹುಲ್ಲನ್ನು ತಿರುವಿ ಸುರುಳಿ ಮಾಡಿ, ಕೂದಲು ಮಲಗಿದ ದಿಕ್ಕಿಗೆ ಮೇಲಿಂದ ಕೆಳಗೆ ಎಳೆದು ದಪ್ಪ ರಾಡಿಯನ್ನಷ್ಟೇ ಇಳಿಸಿ. ಉಳಿದದ್ದನ್ನು ಬೆಳಗಿನವರೆಗೆ ಬಿಡಿ. ಬೆಳಿಗ್ಗೆ ಹೆಂಟೆಗಳನ್ನು ಎರಡು ಬೆರಳ ನಡುವೆ ಹಿಡಿದು ಪುಡಿ ಮಾಡಿ, ಎಳೆಯಬೇಡಿ. ಕುತ್ತಿಗೆ, ಹೆಗಲು, ಹಿಂಭಾಗದಂಥ ಮಾಂಸ ತುಂಬಿದ ಕಡೆ ರಬ್ಬರ್ ಖರಾರಾ (ಮೈ ಉಜ್ಜುವ ಹಲ್ಲಿನ ಸಾಧನ) ಗುಂಡಗೆ ಆಡಿಸಿ, ಆಮೇಲೆ ಗಟ್ಟಿ ಬ್ರಷ್‌ನಿಂದ ಗಿಡ್ಡ ಹೊಡೆತ ಕೊಟ್ಟು ದೂಳು ಹಾರಿಸಿ. ಕೊನೆಗೆ ಮೆತ್ತನೆ ಬ್ರಷ್. ನಾಲ್ಕೈದು ಸಲ ಎಳೆದ ಮೇಲೆ ಆ ಬ್ರಷ್ಷನ್ನು ಕಬ್ಬಿಣದ ಖರಾರಾಕ್ಕೆ ಉಜ್ಜಿ ದೂಳು ತೆಗೆಯಬೇಕು. ಕಬ್ಬಿಣದ ಖರಾರಾ ಇರುವುದು ಈ ಕೆಲಸಕ್ಕೆ. ಅದನ್ನೇ ಕುದುರೆಯ ಮೈಮೇಲೆ ಎಳೆಯುವವರು ಈಗಲೂ ಬಹಳ, ಇದು ನಿಲ್ಲಲೇಬೇಕು. ಮುಖ ಮತ್ತು ಮೊಣಕಾಲ ಕೆಳಗೆ ಎಲುಬಿನ ಮೇಲೆ ತೆಳು ಚರ್ಮವಷ್ಟೇ ಇದೆ, ಅಲ್ಲಿ ರಬ್ಬರ್ ಕೂಡ ಬೇಡ, ಮೆತ್ತನೆ ಬ್ರಷ್ ಮತ್ತು ಬೆರಳು ಸಾಕು.

ಗೊರಸಿನ ಮೇಲಿನ ಹಿಂತಗ್ಗನ್ನು ದಿನಾ ಬೆರಳಿಂದಲೇ ನೋಡಬೇಕು. ಕೂದಲ ಬುಡದಲ್ಲಿ ಜೋಳದ ಕಾಳಿನಂಥದ್ದೇನಾದರೂ ತಾಗಿದರೆ ಅದು ಹಕ್ಕಳೆ. ಕೂದಲ ಕುಚ್ಚು ಹಿಡಿದುಕೊಂಡೇ ಏಳುವುದು ಅದರ ಗುರುತು. ಒಣ ಹಕ್ಕಳೆ ಕೀಳಬೇಡಿ. ಕೈಗೆ ಗ್ಲೌಸ್ ಹಾಕಿಕೊಳ್ಳಿ, ಈ ಸೋಂಕು ಮನುಷ್ಯರಿಗೂ ಹತ್ತುತ್ತದೆ. ಔಷಧಿ ಅಂಗಡಿಯ ಕ್ಲೋರ್‌ಹೆಕ್ಸಿಡೀನ್ ಸ್ಕ್ರಬ್ ಹಚ್ಚಿ 10 ನಿಮಿಷ ಬಿಟ್ಟರೆ ಹಕ್ಕಳೆ ನೆನೆಯುತ್ತದೆ. ತಾನಾಗಿ ಬಂದಷ್ಟನ್ನು ತೆಗೆದು, ಚೆನ್ನಾಗಿ ತೊಳೆದು, ಪೂರಾ ಒಣಗಿಸಿ. ಆ ಟವೆಲ್ ಬೇರೆ ಕುದುರೆಗೆ ಬಳಸಬೇಡಿ. ಸುಟ್ಟ ಎಂಜಿನ್ ಆಯಿಲ್, ಅರಿಸಿಣ ಕಲಸಿದ ಎಣ್ಣೆ ಒದ್ದೆ ಕಾಲಿಗೆ ಬಳಿದರೆ ತೇವ ಒಳಗೇ ಉಳಿದು ಹುಣ್ಣು ಬೆಳೆಯುತ್ತದೆ. ಕಾಲು ಬಾತು ಬಿಸಿಯಾದರೆ, ಕುಂಟಿದರೆ, ಅಥವಾ ಜ್ವರ 38.5 ಡಿಗ್ರಿ ಸೆಲ್ಸಿಯಸ್ ದಾಟಿದರೆ ತಡಮಾಡದೆ ಪಶುವೈದ್ಯರನ್ನು ಕರೆಸಿ.

ಕೆಲವೊಮ್ಮೆ ತೊಳೆಯದೆ ಗತ್ಯಂತರವಿಲ್ಲ, ಉದಾಹರಣೆಗೆ ಗಟಾರದ ನೀರಲ್ಲಿ ನಡೆದು ಬಂದಿದ್ದರೆ. ಆಗ ಕಾಲಷ್ಟೇ, ಸಣ್ಣ ಧಾರೆಯಲ್ಲಿ, ಸೋಪಿಲ್ಲದೆ ತೊಳೆಯಿರಿ. ಹತ್ತಿ ಟವೆಲ್ ಒತ್ತಿ ನೀರು ಹೀರಿಸಿ, ಗಸಗಸ ತಿಕ್ಕಬೇಡಿ. ಕೈಯ ಹಿಂಬದಿಗೆ ಆ ತಗ್ಗಿನ ತಂಪು ತಾಗದಷ್ಟು ಒಣಗುವವರೆಗೂ ಕೆಲಸ ಮುಗಿದಿಲ್ಲ.

ಗೊರಸಿನ ತಳ ದಿನಕ್ಕೆ ಎರಡು ಸಲ ಕೆದರಿ ತೆಗೆಯಬೇಕು, ಕೊಕ್ಕೆ ಹಿಮ್ಮಡಿಯಿಂದ ಮುಂದಕ್ಕೆ ಸಾಗಲಿ. ನಡುವೆ ಮೂರು ಮೂಲೆಯ ಮೆತ್ತನೆ ಭಾಗವಿದೆ, ಡಾಕ್ಟರು ಫ್ರಾಗ್ ಅನ್ನುತ್ತಾರೆ. ಅದರ ಎರಡೂ ಬದಿಯ ಸಂದಿಯಲ್ಲಿ ಎರಿ ತುಂಬಿಕೊಂಡರೆ ಗಾಳಿಯಾಡದೆ ಕೊಳೆತು, ಕಪ್ಪು ರಸ ಸೋರಿ ಗಬ್ಬು ನಾರುತ್ತದೆ. ಸಂದಿ ತೊಳೆದು ಒಣಗಿಸಿ, ನೀರು ಬೆರೆಸಿದ ಪೊವಿಡೋನ್ ಅಯೋಡಿನ್‌ನಲ್ಲಿ ಅದ್ದಿದ ಹತ್ತಿ ಒತ್ತಿ. ಮೈಲುತುತ್ತದ ಪುಡಿ ತುಂಬುವ ರೂಢಿ ಒಳ್ಳೆಯದಲ್ಲ, ಕೊಳೆತ ಭಾಗದ ಜೊತೆ ಜೀವಂತ ಭಾಗವನ್ನೂ ಅದು ಸುಡುತ್ತದೆ. ಸಡಿಲಾದ ಲಾಳವನ್ನು ಎರಿ ಕಚ್ಚಿ ಕಿತ್ತುಕೊಳ್ಳುತ್ತದೆ, ಆದ್ದರಿಂದ ಈ ದಿನಗಳಲ್ಲಿ ಲಾಳ ಹೊಡೆಯುವ ನಾಲಬಂದರನ್ನು ಆರು ವಾರಕ್ಕಿಂತ ಹೆಚ್ಚು ಕಾಯಿಸಬೇಡಿ. ಬಿದ್ದ ಲಾಳದ ಮೊಳೆ ಗೊರಸಿಗೆ ಚುಚ್ಚಿದರೆ ಧನುರ್ವಾಯುವಿನ ಭಯ. ಕುದುರೆಗೆ ಆ ರೋಗ ಬಹಳ ಬೇಗ ತಗಲುತ್ತದೆ, ಲಸಿಕೆ ಮಳೆಗಾಲಕ್ಕೆ ಮೊದಲೇ ಆಗಿರಲಿ.

ಎದೆಪಟ್ಟಿ, ಹೊಟ್ಟೆಪಟ್ಟಿ ಕೂರುವ ಜಾಗದಲ್ಲಿ ಒಂದು ಹರಳಿನಷ್ಟು ಮಣ್ಣು ಉಳಿದರೂ ಸಂಜೆಗೆ ಗಾಯ. ಪಟ್ಟಿ ಬಿಗಿಯುವ ಮೊದಲು ಅಂಗೈಯನ್ನು ಕೂದಲಿಗೆ ಎದುರಾಗಿ ಒಮ್ಮೆ ಎಳೆದು ನೋಡಿ. ಬಾಲ ಒಣಗಿದ ಮೇಲೆ ತುದಿಯಿಂದ ಮೇಲಕ್ಕೆ ಬೆರಳಲ್ಲೇ ಬಿಡಿಸಿ. ರಾತ್ರಿ ಬಯಲಲ್ಲೇ ನಿಲ್ಲುವ ಕುದುರೆಯ ಬೆನ್ನನ್ನು ಮಾತ್ರ ಅತಿಯಾಗಿ ಬ್ರಷ್ ಮಾಡಬಾರದು, ಕೂದಲಿನ ಜಿಡ್ಡೇ ಅದಕ್ಕೆ ಮಳೆ, ಥಂಡಿಯಿಂದ ಕಾವಲು.

ಇಷ್ಟೆಲ್ಲ ಮಾಡಿಯೂ ಕುದುರೆ ಮತ್ತೆ ರಾಡಿಯಲ್ಲೇ ನಿಂತರೆ ಏನು ಬಂತು? ಸೂರಿನ ಕೆಳಗೆ ಅರ್ಧ ಅಡಿ ಗರಸು ಹಾಕಿ, ನೀರು ಹೊರಗೆ ಹರಿಯುವಷ್ಟು ಇಳಿಜಾರು ಕೊಟ್ಟು ದಮ್ಮಸು ಮಾಡಿ. ನುಣುಪು ಫರಸಿ ಬೇಡ, ಲಾಳ ಜಾರುತ್ತದೆ. ಎಲ್ಲ ಕಡೆ ಹಾಕುವಷ್ಟು ಗರಸು ಇಲ್ಲದಿದ್ದರೆ ನೀರಿನ ತೊಟ್ಟಿಯ ಸುತ್ತ ಮತ್ತು ಬಾಗಿಲ ಬಾಯಿಗೆ ಮೊದಲು ಹಾಕಿ, ಕುದುರೆ ಹೆಚ್ಚು ಹೊತ್ತು ನಿಂತು ತುಳಿಯುವುದು ಅಲ್ಲೇ.