ಲೈಸೆನ್ಸ್ ಇದೆ, ಕಾಲಿಗೆ ಹೊಡೆದರೆ ತಪ್ಪೇನು?

ಪ್ರಶ್ನೆ: ನನ್ನ ಹತ್ತಿರ ಲೈಸೆನ್ಸ್ ಇರುವ ರಿವಾಲ್ವರ್ ಇದೆ. ವ್ಯಾಪಾರದ ದುಡ್ಡು ಹಿಡಿದು ರಾತ್ರಿ ಹೊತ್ತು ಓಡಾಡುತ್ತೇನೆ. ಯಾರಾದರೂ ಅಡ್ಡ ಹಾಕಿದರೆ ಕಾಲಿಗೆ ಹೊಡೆದು ಬೀಳಿಸಬಹುದಲ್ವಾ? ಪ್ರಾಣ ತೆಗೆಯುತ್ತಿಲ್ಲವಲ್ಲ, ದೊಡ್ಡ ಕೇಸೇನೂ ಆಗುವುದಿಲ್ಲ ಅಂದುಕೊಂಡಿದ್ದೇನೆ.

ಉತ್ತರ: ಮತ್ತೆ ಅದೇ ಕಾಲು! ಕೇಳುವವರು ಬದಲಾಗುತ್ತಾರೆ. ಒಬ್ಬರದ್ದು ರಿವಾಲ್ವರ್, ಇನ್ನೊಬ್ಬರದ್ದು ಪಿಸ್ತೂಲು, ಮತ್ತೊಬ್ಬರದ್ದು ತೋಟದ ಮನೆಯ ಜೋಡಿ ನಳಿಕೆ ಕೋವಿ. ಕಾಲು ಮಾತ್ರ ಬದಲಾಗುವುದಿಲ್ಲ. ಎಷ್ಟು ಸಲ ಹೇಳಿದರೂ ಮತ್ತೆ ಬರುತ್ತದೆ. ಹಾಗಾಗಿ ಈ ಸಲ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಮೊದಲು ಕೇಸಿನ ಮಾತು. ಗುಂಡು ಕಾಲಿಗೆ ಬಿತ್ತೋ ಗೋಡೆಗೆ ಬಿತ್ತೋ, ಪೊಲೀಸರು ಬಂದೇ ಬರುತ್ತಾರೆ. ರಿವಾಲ್ವರ್ ವಶಕ್ಕೆ ಹೋಗುತ್ತದೆ, ತೋಟಾಗಳ ಲೆಕ್ಕ ಕೇಳುತ್ತಾರೆ. ಕಾಲಿಗೆ ಬಿದ್ದರೆ ಭಾರತೀಯ ನ್ಯಾಯ ಸಂಹಿತೆಯ 118ನೇ ಸೆಕ್ಷನ್ ಇದೆ: ಅಪಾಯಕಾರಿ ಆಯುಧದಿಂದ ಗಾಯ ಮಾಡಿದ್ದು. ತೀವ್ರ ಗಾಯವಾಗಿದ್ದರೆ ಜೀವಾವಧಿವರೆಗೂ ಶಿಕ್ಷೆ ಹೋಗಬಹುದು. ಕೊಲೆ ಯತ್ನದ 109ನೇ ಸೆಕ್ಷನ್ ಹಾಕಿದರೂ ಆಶ್ಚರ್ಯಪಡಬೇಡಿ. 'ನಾನು ಕಾಲಿಗೇ ಗುರಿಯಿಟ್ಟಿದ್ದೆ' ಅನ್ನುವುದು ನಿಮ್ಮ ಮಾತು. ಗುಂಡು ಹಾರಿಸಿದ್ದಂತೂ ನಿಜ. ಆತ್ಮರಕ್ಷಣೆಗಾಗಿ ಹಾರಿಸಿದೆ ಅನ್ನುವುದನ್ನು ತೋರಿಸಿಕೊಡುವ ಹೊಣೆ ಭಾರತೀಯ ಸಾಕ್ಷ್ಯ ಅಧಿನಿಯಮದ 108ನೇ ಸೆಕ್ಷನ್ ಪ್ರಕಾರ ನಿಮ್ಮ ಮೇಲೇ ಬೀಳುತ್ತದೆ. ಲೈಸೆನ್ಸ್ ಇರುವುದು ಆಯುಧ ಇಟ್ಟುಕೊಳ್ಳುವುದಕ್ಕೆ. ಹೊಡೆಯುವುದಕ್ಕೆ ಯಾರೂ ಲೈಸೆನ್ಸ್ ಕೊಡುವುದಿಲ್ಲ.

ಈಗ ಕಾಲಿಗೆ ಬರೋಣ. ಈ ಯೋಚನೆ ಎಲ್ಲಿಂದ ಬಂತು ಅಂತ ನಿಮಗೂ ಗೊತ್ತು. ಬೆಳಗ್ಗೆ ಪೇಪರ್ ತೆಗೆದರೆ 'ರೌಡಿ ಕಾಲಿಗೆ ಗುಂಡೇಟು' ಅಂತ ಇರುತ್ತದೆ. ಪಕ್ಕದಲ್ಲಿ ಆಸ್ಪತ್ರೆಯ ಮಂಚ, ಬ್ಯಾಂಡೇಜ್ ಸುತ್ತಿದ ಕಾಲಿನ ಫೋಟೋ. ಓದಿ ಓದಿ ಗುಂಡು ಅಂದರೆ ಕಾಲಿಗೆ ಹೊಡೆಯುವ ವಸ್ತು ಅನ್ನುವುದು ತಲೆಯಲ್ಲಿ ಕೂತುಬಿಟ್ಟಿದೆ. ಆದರೆ ಆ ಸುದ್ದಿಯನ್ನೇ ಇನ್ನೊಮ್ಮೆ ಓದಿ. ಪೊಲೀಸರು ಹೇಳುವುದೇನು? ಆರೋಪಿ ಹಲ್ಲೆ ಮಾಡಿ ತಪ್ಪಿಸಿಕೊಳ್ಳಲು ಯತ್ನಿಸಿದ ಅಂತ. ಅವರ ಕೆಲಸ ಅವನನ್ನು ಹಿಡಿಯುವುದು. ಬಂಧಿಸಲು ಬಲ ಬಳಸುವುದಕ್ಕೆ ಅವರಿಗೆ ಕಾನೂನಿನ ಅಧಿಕಾರವಿದೆ, ಅದಕ್ಕೂ ಮಿತಿ ಇದೆ, ಮೇಲೆ ವಿಚಾರಣೆಯೂ ಇದೆ. ನಿಮ್ಮ ಕೆಲಸ ಯಾರನ್ನೂ ಹಿಡಿಯುವುದಲ್ಲ. ನಿಮ್ಮ ಮೇಲೆ ಬಿದ್ದವನು ಬೆನ್ನು ತಿರುಗಿಸಿ ಓಡಿದ ಅಂದರೆ ನಿಮ್ಮ ಜೀವದ ಅಪಾಯ ಮುಗಿಯಿತು. ನ್ಯಾಯ ಸಂಹಿತೆಯ 40ನೇ ಸೆಕ್ಷನ್ ಪ್ರಕಾರ ದೇಹರಕ್ಷಣೆಯ ಹಕ್ಕು ಇರುವುದು ಅಪಾಯದ ಭಯ ಇರುವಷ್ಟು ಹೊತ್ತು ಮಾತ್ರ. ಪೊಲೀಸರು ಕಾಲಿಗೆ ಹೊಡೆಯುವ ಹೊತ್ತಿನಲ್ಲಿ ನೀವು ಗುಂಡು ಹಾರಿಸುವ ಹಾಗೇ ಇಲ್ಲ!

ಸರಿ, ಅವನು ಓಡುತ್ತಿಲ್ಲ, ಮಚ್ಚು ಹಿಡಿದು ನಿಮ್ಮ ಕಡೆಗೇ ಬರುತ್ತಿದ್ದಾನೆ ಅಂತಲೇ ಇಟ್ಟುಕೊಳ್ಳಿ. 1983ರಲ್ಲಿ ಅಮೆರಿಕದ ಸಾಲ್ಟ್ ಲೇಕ್ ಸಿಟಿಯ ಪೊಲೀಸ್ ತರಬೇತುದಾರ ಡೆನಿಸ್ ಟ್ಯೂಲರ್ ಒಂದು ಲೆಕ್ಕ ಮುಂದಿಟ್ಟರು. ಚಾಕು ಹಿಡಿದ ಸಾಮಾನ್ಯ ಮನುಷ್ಯ 21 ಅಡಿ ದೂರವನ್ನು ಸುಮಾರು ಒಂದೂವರೆ ಸೆಕೆಂಡಿನಲ್ಲಿ ಓಡಿ ದಾಟುತ್ತಾನೆ. ಅಷ್ಟರೊಳಗೆ ನೀವು ಏನಾಗುತ್ತಿದೆ ಅಂತ ಅರ್ಥ ಮಾಡಿಕೊಳ್ಳಬೇಕು, ಅಂಗಿ ಸರಿಸಬೇಕು, ಹೋಲ್‌ಸ್ಟರ್‌ನಿಂದ ರಿವಾಲ್ವರ್ ತೆಗೆಯಬೇಕು, ಕೈ ಎತ್ತಬೇಕು, ಟ್ರಿಗರ್ ಎಳೆಯಬೇಕು. ಹಿಂಭಾಗದ ಸುತ್ತಿಗೆಯನ್ನು (ಹ್ಯಾಮರ್) ಮೊದಲೇ ಹಿಂದಕ್ಕೆಳೆಯದೆ ನೇರವಾಗಿ ಹೊಡೆಯುವಾಗ ರಿವಾಲ್ವರಿನ ಟ್ರಿಗರ್ ಎಷ್ಟು ಬಿಗಿ ಅಂತ ಒಮ್ಮೆಯಾದರೂ ಎಳೆದವರಿಗೆ ಗೊತ್ತು. ಬೆರಳು ಎಳೆಯುತ್ತಾ ಹೋದ ಹಾಗೆ ನಳಿಕೆಯ ತುದಿ ಕೆಳಕ್ಕೆ, ಪಕ್ಕಕ್ಕೆ ಜಾರುತ್ತದೆ. ಶೂಟಿಂಗ್ ರೇಂಜಿನಲ್ಲಿ ನಿಂತು, ಉಸಿರು ಹಿಡಿದು, ಅಲುಗಾಡದ ಕಾಗದಕ್ಕೆ ಹೊಡೆಯುವಾಗಲೇ ಹೊಸಬರ ಗುಂಡು ಕಾಗದದ ಮೂಲೆಗೆ ಹೋಗುತ್ತದೆ. ಇಲ್ಲಿ ಕತ್ತಲೆ, ಕೈ ನಡುಕ, ಎದೆ ಡವಡವ. ಕಣ್ಣಿಗೆ ಮಚ್ಚು ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಆ ಹೊತ್ತಿನಲ್ಲಿ ಓಡುತ್ತಿರುವವನ ಕಾಲು ಅಂದರೆ ದೇಹದ ಸಣಕಲು ಭಾಗ, ಜಾಸ್ತಿ ಆಡುವ ಭಾಗ. ಅದಕ್ಕೆ ಹೊಡೆಯುತ್ತೀರಾ?

ತರಬೇತಿ ಪಡೆದವರ ಕಥೆಯನ್ನೇ ನೋಡಿ. ನ್ಯೂಯಾರ್ಕ್ ಪೊಲೀಸರ ಬಗ್ಗೆ ರ‍್ಯಾಂಡ್ ಅನ್ನುವ ಅಮೆರಿಕದ ಸಂಶೋಧನಾ ಸಂಸ್ಥೆ 2008ರಲ್ಲಿ ಒಂದು ವರದಿ ಕೊಟ್ಟಿತು. 1998ರಿಂದ 2006ರವರೆಗಿನ ಗುಂಡಿನ ಚಕಮಕಿಗಳಲ್ಲಿ ಅವರು ಹಾರಿಸಿದ ಗುಂಡುಗಳ ಪೈಕಿ ಗುರಿಗೆ ತಾಗಿದ್ದು ಸರಾಸರಿ ಶೇ. 18. ಇದು ಕಾಲಿಗೆ ಅಲ್ಲ, ದೇಹದ ಯಾವ ಭಾಗಕ್ಕಾದರೂ ತಾಗಿದ ಲೆಕ್ಕ. ಮಿಕ್ಕ ಗುಂಡುಗಳು ಎಲ್ಲೋ ಹೋಗಿ ಬಿದ್ದವಲ್ಲ? ಕಾಲಿಗೆ ಅಂತ ಹೊಡೆದದ್ದು ತಪ್ಪಿದರೆ ಸಿಮೆಂಟ್ ನೆಲಕ್ಕೆ ಬಡಿದು ಚಿಮ್ಮುತ್ತದೆ. ಆಮೇಲೆ ಅದು ಎದುರು ಅಂಗಡಿಯ ಶಟರಿಗೆ ಹೋಗುತ್ತೋ, ಬೈಕಿನಲ್ಲಿ ಬರುತ್ತಿರುವ ಯಾರದೋ ಹೊಟ್ಟೆಗೆ ಹೋಗುತ್ತೋ ಹೇಳುವವರಿಲ್ಲ. ಆ ಗುಂಡೂ ನಿಮ್ಮದೇ, ಅದರ ಲೆಕ್ಕವೂ ನಿಮ್ಮದೇ.

ತಾಗಿತು ಅಂತಲೇ ಇಟ್ಟುಕೊಳ್ಳೋಣ. ಕಾಲು 'ಸೇಫ್' ಜಾಗ ಅಂತ ಯಾರು ಹೇಳಿದರು? ತೊಡೆಯೊಳಗೆ ಇಡೀ ಕಾಲಿಗೆ ರಕ್ತ ಒಯ್ಯುವ ದೊಡ್ಡ ರಕ್ತನಾಳ ಇದೆ. ಅದು ಹರಿದರೆ ಕೆಲವೇ ನಿಮಿಷಗಳಲ್ಲಿ ಮನುಷ್ಯ ಸಾಯಬಹುದು, ಆಂಬುಲೆನ್ಸ್ ಬರುವುದರೊಳಗೆ. ಇನ್ನೊಂದು ಕಡೆ, ಗುಂಡು ಬರೀ ಮಾಂಸದಲ್ಲಿ ತೂರಿ ಹೋದರೆ ಅವನಿಗೆ ಗೊತ್ತೂ ಆಗದೆ ನಿಮ್ಮ ಮೇಲೆ ಬೀಳಬಹುದು. 1986ರ ಏಪ್ರಿಲ್ 11ರಂದು ಅಮೆರಿಕದ ಮಯಾಮಿಯಲ್ಲಿ ಅಲ್ಲಿನ ಕೇಂದ್ರ ತನಿಖಾ ಸಂಸ್ಥೆಯಾದ ಎಫ್‌ಬಿಐ ಏಜೆಂಟರು ಇಬ್ಬರು ಬ್ಯಾಂಕ್ ದರೋಡೆಕೋರರನ್ನು ಅಡ್ಡಗಟ್ಟಿದರು. ಆ ದರೋಡೆಕೋರರಲ್ಲಿ ಮೈಕೆಲ್ ಪ್ಲ್ಯಾಟ್ ಅನ್ನುವವನಿಗೆ ಮೊದಮೊದಲೇ ಬಿದ್ದ ಒಂದು ಗುಂಡು ತೋಳನ್ನು ತೂರಿ ಎದೆಯೊಳಗೆ ಹೋಯಿತು. ಬದುಕುಳಿಯುವುದೇ ಕಷ್ಟವಾದ ಗಾಯ. ಆದರೂ ಅವನು ಹೊಡೆದಾಡುತ್ತಲೇ ಇದ್ದ. ಆ ದಿನ ಇಬ್ಬರು ಏಜೆಂಟರು ಸತ್ತರು. ಎದೆಗೆ ಬಿದ್ದ ಗುಂಡೇ ಅವನನ್ನು ನಿಲ್ಲಿಸಲಿಲ್ಲ, ನೀವು ಮೊಣಕಾಲಿನ ಮಾತಾಡುತ್ತಿದ್ದೀರಿ. ಸಿನಿಮಾದಲ್ಲಿ ಗುಂಡು ಬಿದ್ದವನು ಹಿಂದಕ್ಕೆ ಹಾರಿ ಬೀಳುತ್ತಾನೆ, ಏಕೆಂದರೆ ಅವನಿಗೆ ಹಗ್ಗ ಕಟ್ಟಿರುತ್ತಾರೆ.

ಇಷ್ಟೆಲ್ಲಾ ಆದ ಮೇಲೂ 'ಕೊಲ್ಲಬಾರದು ಅನ್ನುವ ಒಳ್ಳೆ ಉದ್ದೇಶ ಅಲ್ವಾ ಸಾರ್' ಅನ್ನುವವರಿದ್ದಾರೆ. ಉದ್ದೇಶ ಒಳ್ಳೆಯದೇ, ಆದರೆ ಅದನ್ನು ಇಟ್ಟ ಜಾಗ ತಪ್ಪು. ಕಾಲನ್ನು ಆರಿಸಿಕೊಂಡು ಗುರಿಯಿಡುವಷ್ಟು ಪುರುಸೊತ್ತು ನಿಮಗಿತ್ತು ಅಂದರೆ ಎದುರು ಪಾರ್ಟಿಯ ವಕೀಲರು ಕೇಳುವ ಮೊದಲ ಪ್ರಶ್ನೆ ಇದೇ: ಹಾಗಾದರೆ ಗುಂಡು ಹೊಡೆಯುವ ಅಗತ್ಯವೇ ಇತ್ತಾ? ಕಾಲಿಗೆ ಹೊಡೆದರೆ ಸಾಕು ಅನ್ನುವಷ್ಟು ಸಣ್ಣ ಅಪಾಯವಾಗಿದ್ದರೆ ರಿವಾಲ್ವರ್ ಹೊರಗೆ ಬರಲೇಬಾರದು. ರಿವಾಲ್ವರ್ ಹೊರಗೆ ಬರಬೇಕಾದಷ್ಟು ದೊಡ್ಡ ಅಪಾಯವಾಗಿದ್ದರೆ ಕಾಲಿನ ಲೆಕ್ಕಾಚಾರಕ್ಕೆ ಸಮಯವೇ ಇರುವುದಿಲ್ಲ. ಅದಕ್ಕೇ ಆತ್ಮರಕ್ಷಣೆಯ ತರಬೇತಿಯಲ್ಲಿ ಸಾಮಾನ್ಯವಾಗಿ ಕಾಲಿಗೆ ಹೊಡೆಯುವುದನ್ನು ಕಲಿಸುವುದಿಲ್ಲ. ದೇಹದ ನಡುಭಾಗಕ್ಕೆ, ಅವನ ಆಕ್ರಮಣ ನಿಲ್ಲುವವರೆಗೆ ಅಂತ ಕಲಿಸುತ್ತಾರೆ. ಅವನು ನಿಂತ, ಬಿದ್ದ, ಮಚ್ಚು ಬಿಟ್ಟ ಅಂದರೆ ಅಲ್ಲಿಗೆ ಮುಗಿಯಿತು. ಆಮೇಲಿನ ಒಂದು ಗುಂಡು ಕೂಡ ಜಾಸ್ತಿ. ಬೇಕಾದ್ದಕ್ಕಿಂತ ಹೆಚ್ಚು ಹಾನಿ ಮಾಡುವ ಹಾಗಿಲ್ಲ ಅಂತ 37ನೇ ಸೆಕ್ಷನ್ ಹೇಳುವುದು ಇದನ್ನೇ. ಅಂಥ ಗಾಬರಿಯಲ್ಲಿ ಇರುವವನು ಚಿನ್ನದ ತಕ್ಕಡಿಯಲ್ಲಿ ತೂಗಿದ ಹಾಗೆ ಲೆಕ್ಕ ಹಾಕಲಾರ ಅಂತ ಸುಪ್ರೀಂ ಕೋರ್ಟ್ ಒಪ್ಪಿಕೊಂಡಿದೆ, 2010ರ ದರ್ಶನ್ ಸಿಂಗ್ ತೀರ್ಪು ನೋಡಿ. ಸೇಡಿಗೆ ಮಾತ್ರ ಅಲ್ಲಿ ಜಾಗವಿಲ್ಲ.

ಕಾಲಿನ ತಮ್ಮನೊಬ್ಬ ಇದ್ದಾನೆ: ಗಾಳಿಯಲ್ಲಿ ಗುಂಡು. ಹೆದರಿಸುವುದಕ್ಕೆ ಮೇಲಕ್ಕೆ ಹೊಡೆದರಾಯಿತು ಅನ್ನುತ್ತಾರೆ. ಮೇಲೆ ಹೋದದ್ದು ಕೆಳಗೆ ಬರಬೇಕಲ್ಲ. ಬೇಜವಾಬ್ದಾರಿಯಿಂದ ಗುಂಡು ಹಾರಿಸಿ ಬೇರೆಯವರ ಜೀವಕ್ಕೆ ಅಪಾಯ ತಂದರೆ 2 ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಅಂತ 2019ರಲ್ಲಿ ಶಸ್ತ್ರಾಸ್ತ್ರ ಕಾಯ್ದೆಗೆ ಸೇರಿಸಿದ್ದಾರೆ.

ನಿಮ್ಮ ದುಡ್ಡಿನ ಚೀಲದ ವಿಷಯ. ದರೋಡೆ ಆಗುತ್ತಿದ್ದರೆ ಕಾನೂನು ನಿಮಗೆ ದೊಡ್ಡ ಹಕ್ಕನ್ನೇ ಕೊಟ್ಟಿದೆ, ನ್ಯಾಯ ಸಂಹಿತೆಯ 41ನೇ ಸೆಕ್ಷನ್. ಸುಮ್ನೆ ಕಳ್ಳತನ ಮಾಡಿ ಓಡುವವನ ಮೇಲೆ ಅಷ್ಟು ಹಕ್ಕಿಲ್ಲ. ಆದರೆ ನನ್ನನ್ನು ಕೇಳಿದರೆ, ಬಂದವನಿಗೆ ಚೀಲ ಮಾತ್ರ ಸಾಕು ಅಂತಿದ್ದರೆ ಕೊಟ್ಟು ಕಳಿಸಿ, 112ಕ್ಕೆ ಫೋನ್ ಮಾಡಿ. ಚೀಲದ ದುಡ್ಡನ್ನು ಮತ್ತೆ ದುಡಿಯಬಹುದು. ಆಯುಧ ಸೊಂಟದಲ್ಲಿದ್ದಾಗ ಬೇರೆಯವರಿಗಿಂತ ನೀವೇ ಜಾಸ್ತಿ ತಗ್ಗಬೇಕು. ರಸ್ತೆಯಲ್ಲಿ ಗಾಡಿ ತಾಗಿದ ಜಗಳವಿರಲಿ, ಪಾರ್ಕಿಂಗ್ ಜಗಳವಿರಲಿ, ಅವನು ಬೈದರೆ ಬೈಸಿಕೊಂಡು ಬನ್ನಿ. ಅಲ್ಲಿ ನೀವು ಕೈ ಕೈ ಮಿಲಾಯಿಸಿದರೆ ಆ ಜಗಳದಲ್ಲಿ ಒಂದು ರಿವಾಲ್ವರ್ ಇದೆ, ತಂದವರು ನೀವು. ಅವನು ಕಿತ್ತುಕೊಳ್ಳಲೂಬಹುದು. ಕುಡಿಯುವ ದಿನ ಅದು ಮನೆಯಲ್ಲೇ ಇರಲಿ. ಬೈಸಿಕೊಂಡು ಬರಲಾರೆ, ಅದು ನನ್ನ ಸ್ವಭಾವವೇ ಅಲ್ಲ ಅನ್ನುವವರು ರಿನ್ಯೂವಲ್‌ಗೆ ಹಾಕುವ ಮೊದಲು ಯೋಚನೆ ಮಾಡಿ.

ಇದನ್ನೆಲ್ಲಾ ಕೇಳುವವರು ಒಂದನ್ನು ಮಾತ್ರ ಕೇಳುವುದೇ ಇಲ್ಲ: ನೀವು ಮಲಗಿದ ಮೇಲೆ ಅದು ಎಲ್ಲಿರುತ್ತದೆ? ದಾರಿಯಲ್ಲಿ ಅಡ್ಡ ಹಾಕುವವನು ಬರಬಹುದು, ಬರದೆಯೂ ಇರಬಹುದು. ಮನೆಯಲ್ಲಿ ಅದು ದಿನಾ ಇರುತ್ತದೆ. ದಿಂಬಿನ ಕೆಳಗೆ, ಬೀರುವಿನಲ್ಲಿ ಸೀರೆಗಳ ನಡುವೆ, ಕಾರಿನ ಡ್ಯಾಶ್‌ಬೋರ್ಡ್‌ನಲ್ಲಿ ಇಡುತ್ತಾರೆ. ಮಕ್ಕಳಿಗೆ ಗೊತ್ತಿಲ್ಲ ಅಂದುಕೊಂಡಿರುತ್ತಾರೆ. ಬಚ್ಚಿಟ್ಟ ಚಾಕೊಲೇಟ್ ಹುಡುಕುವ ಮಕ್ಕಳಿಗೆ ರಿವಾಲ್ವರ್ ಸಿಗುವುದಿಲ್ಲವಾ? ಸುರಕ್ಷಿತವಾಗಿ ಇಡುತ್ತೇನೆ ಅಂತ ಲೈಸೆನ್ಸ್ ತೆಗೆದುಕೊಳ್ಳುವಾಗ ನೀವೇ ಬರೆದುಕೊಟ್ಟಿದ್ದೀರಿ. ತೋಟಾ ತೆಗೆದು ಬೇರೆ ಬೀಗದಲ್ಲಿ ಇಡಿ, ರಿವಾಲ್ವರ್ ಗೋಡೆಗೆ ಬಿಗಿದ ಕಬ್ಬಿಣದ ಪೆಟ್ಟಿಗೆಯಲ್ಲಿರಲಿ, ಕೀ ನಿಮ್ಮೊಬ್ಬರ ಹತ್ತಿರ ಇರಲಿ.

ಮಕ್ಕಳಿಗಿಂತ ಹೆಚ್ಚು ನನಗೆ ಚಿಂತೆ ದೊಡ್ಡವರದ್ದು. ಮನೆಯಲ್ಲಿ ಯಾರಾದರೂ ಮಂಕಾಗಿದ್ದರೆ, ಸಾಲದಲ್ಲೋ ದುಃಖದಲ್ಲೋ ಮಾತು ಕಡಿಮೆ ಮಾಡಿದ್ದರೆ, ಅದು ನೀವೇ ಆಗಿದ್ದರೂ ಸರಿ, ಆ ದಿನಗಳಲ್ಲಿ ಆಯುಧ ಮನೆಯಲ್ಲಿ ಇರಬಾರದು. ಕೆಟ್ಟ ಗಳಿಗೆ ಎಷ್ಟೋ ಸಲ ಸ್ವಲ್ಪ ಹೊತ್ತಿನಲ್ಲಿ ದಾಟಿಹೋಗುತ್ತದೆ, ಕೈಗೆ ಬಂದೂಕು ಸಿಕ್ಕರೆ ದಾಟಲು ಬಿಡುವುದಿಲ್ಲ. ಚುನಾವಣೆ ಬಂದಾಗ ಗೊಣಗಿಕೊಂಡಾದರೂ ಸ್ಟೇಷನ್‌ಗೆ ಹೋಗಿ ಠೇವಣಿ ಇಟ್ಟು ಬರುತ್ತೀರಲ್ಲ, ಹಾಗೆಯೇ ಇದಕ್ಕೂ ಇಡಬಹುದು. ಆಯುಧ ಠೇವಣಿ ಇಟ್ಟುಕೊಳ್ಳುವ ಲೈಸೆನ್ಸ್ ಇರುವ ಡೀಲರ್ ಹತ್ತಿರವೂ ಆಗುತ್ತದೆ. ಕಾರಣ ಹೇಳಲು ಸಂಕೋಚವಾದರೆ ಊರಲ್ಲಿ ಇರುವುದಿಲ್ಲ ಅಂತ ಹೇಳಿ. ರಸೀದಿಯಲ್ಲಿ ಆಯುಧದ ನಂಬರ್ ಸರಿಯಾಗಿ ಬರೆದಿದ್ದಾರಾ ಅಂತ ನೋಡಿಕೊಂಡು ಬನ್ನಿ.