ಸಂಗೀತಕ್ಕೆ ಬೇಕೆ ಆ ‘ಪಾಯಿಂಟ್ ಒನ್’?

ಹೋಮ್ ಥಿಯೇಟರ್ ಪೆಟ್ಟಿಗೆಯ ಮೇಲೆ 5.1 ಎಂದು ದಪ್ಪಕ್ಷರದಲ್ಲಿ ಅಚ್ಚಾಗಿರುತ್ತದೆ. ಐದು ಎಂದರೆ ಐದು ಸ್ಪೀಕರ್, ಮಿಕ್ಕ ‘ಪಾಯಿಂಟ್ ಒನ್’ ಎಂದರೆ ಮೂಲೆಯಲ್ಲಿ ಕುಳಿತು ಗುಡುಗುವ ಸಬ್‌ವೂಫರ್ ಎಂದು ಅಂಗಡಿಯವರು ಹೇಳುತ್ತಾರೆ, ಕೊಂಡವರು ನಂಬುತ್ತಾರೆ. ಇದು ಅರ್ಧ ಸತ್ಯ. ಮನೆಯಲ್ಲಿ ಸಿನಿಮಾ ನೋಡುವವರಿಗೆ ಇದರಿಂದ ನಷ್ಟವೇನಿಲ್ಲ. ಸರೌಂಡ್‌ನಲ್ಲಿ (ಕೇಳುಗನ ಸುತ್ತ ಇಟ್ಟ ಸ್ಪೀಕರುಗಳಿಗಾಗಿ) ಹಾಡನ್ನು ಮಿಕ್ಸ್ ಮಾಡುವವರು ಇದನ್ನೇ ನಂಬಿದರೆ ಮಾತ್ರ ಹಾಡಿನ ಮಂದ್ರಕ್ಕೆ ಅಪಾಯ.

ಆ ಪಾಯಿಂಟ್ ಒನ್‌ಗೆ ಎಂಜಿನಿಯರುಗಳು ಎಲ್‌ಎಫ್‌ಇ ಚಾನೆಲ್ ಎನ್ನುತ್ತಾರೆ. ಲೋ ಫ್ರೀಕ್ವೆನ್ಸಿ ಎಫೆಕ್ಟ್ಸ್, ಅಂದರೆ ಕೆಳಗಿನ ಆವರ್ತನಗಳ ಪರಿಣಾಮಗಳು ಎಂದು ಅದರ ಅರ್ಥ. ಅದು ಹುಟ್ಟಿದ್ದು ಸಂಗೀತಕ್ಕಾಗಿ ಅಲ್ಲ, ಸ್ಫೋಟಗಳಿಗಾಗಿ. 1977ರಲ್ಲಿ ‘ಸ್ಟಾರ್ ವಾರ್ಸ್’ 70 ಎಂ.ಎಂ. ಪ್ರತಿಗಳಲ್ಲಿ ಬಂದಾಗ ಫಿಲ್ಮಿನ ಮೇಲಿನ ಕಾಂತೀಯ ಪಟ್ಟಿಗಳಲ್ಲಿ ಆರು ಧ್ವನಿಪಥಗಳಿದ್ದವು. ಅವುಗಳಲ್ಲಿ ಎರಡನ್ನು ಕೆಳಗಿನ ಆವರ್ತನಗಳ ಆರ್ಭಟಕ್ಕೆಂದೇ ಮೀಸಲಿಡಲಾಯಿತು. ‘ಬೇಬಿ ಬೂಮ್’ ಎಂಬ ಅಡ್ಡಹೆಸರೂ ಬಿತ್ತು. ಡಿಜಿಟಲ್ ಸಿನಿಮಾಕ್ಕೆ ಎಷ್ಟು ಚಾನೆಲ್ ಬೇಕು ಎಂಬ ಚರ್ಚೆ 1987ರಲ್ಲಿ ನಡೆದಾಗ 5.1 ಎಂಬ ಲೆಕ್ಕವನ್ನು ಮುಂದಿಟ್ಟವರು ಅಮೆರಿಕದ ಧ್ವನಿ ತಂತ್ರಜ್ಞ ಟಾಮ್ಲಿನ್‌ಸನ್ ಹೋಲ್ಮನ್. ಪಾಯಿಂಟ್ ಒನ್ ಎಂದರೆ ಒಂದು ಪೂರ್ಣ ಚಾನೆಲಿನ ಹತ್ತನೇ ಒಂದು ಭಾಗ ಎಂಬ ಈ ಲೆಕ್ಕ ಸ್ವಲ್ಪ ಉದಾರವಾದದ್ದು. ಡಾಲ್ಬಿ ಡಿಜಿಟಲ್‌ನಲ್ಲಿ ಈ ಚಾನೆಲ್ ಒಯ್ಯುವುದು 120 ಹರ್ಟ್ಸ್‌ವರೆಗೆ ಮಾತ್ರ, ಉಳಿದವು ಸುಮಾರು 20,000 ಹರ್ಟ್ಸ್‌ವರೆಗೆ. ಭಾಗಿಸಿ ನೋಡಿದರೆ ಸಿಗುವುದು 0.006. ಅಂಥ ಸಂಖ್ಯೆಯನ್ನು ಪೆಟ್ಟಿಗೆಯ ಮೇಲೆ ಅಚ್ಚು ಹಾಕಿ ಮಾರಲು ಯಾರಿಗೂ ಮನಸ್ಸು ಬಾರದು!

ಸ್ಫೋಟಕ್ಕೆ ಪ್ರತ್ಯೇಕ ದಾರಿ ಯಾಕೆ ಬೇಕಾಯಿತು ಎಂಬುದಕ್ಕೆ ಉತ್ತರ ನಮ್ಮ ಕಿವಿಯಲ್ಲೇ ಇದೆ. 1,000 ಹರ್ಟ್ಸ್‌ನ ಧ್ವನಿ ಕೆಲವೇ ಡೆಸಿಬೆಲ್ ಇದ್ದರೂ ನಮಗೆ ಕೇಳಿಸುತ್ತದೆ. 40 ಹರ್ಟ್ಸ್‌ನ ಧ್ವನಿ ಕೇಳಿಸಬೇಕಾದರೆ ಸುಮಾರು 50 ಡೆಸಿಬೆಲ್ ಬೇಕು, 20 ಹರ್ಟ್ಸ್‌ಗೆ ಹೆಚ್ಚುಕಡಿಮೆ 80. ಎದೆ ನಡುಗಿಸುವಷ್ಟು ಮಂದ್ರವನ್ನು ಸಂಭಾಷಣೆ ಮತ್ತು ಸಂಗೀತ ತುಂಬಿರುವ ಚಾನೆಲ್‌ಗೇ ತುರುಕಿದರೆ ಅಲ್ಲಿ ಜಾಗ ಸಾಲದೆ ಧ್ವನಿ ಒಡೆಯುತ್ತದೆ. ಆದ್ದರಿಂದ ಅದನ್ನು ಬೇರೆ ದಾರಿಯಲ್ಲಿ ಕಳಿಸಿ, ಕೇಳಿಸುವಾಗ ಉಳಿದ ಚಾನೆಲ್‌ಗಳಿಗಿಂತ 10 ಡೆಸಿಬೆಲ್ ಎತ್ತುತ್ತಾರೆ. ಶಕ್ತಿಯ ಲೆಕ್ಕದಲ್ಲಿ ಅದು ಹತ್ತು ಪಟ್ಟು.

ಇನ್ನು ಸತ್ಯದ ಉಳಿದರ್ಧ. ಸಬ್‌ವೂಫರ್‌ಗೆ ಬರುವುದು ಎಲ್‌ಎಫ್‌ಇ ಒಂದೇ ಅಲ್ಲ. ಮನೆಯ ಪುಟ್ಟ ಸ್ಪೀಕರುಗಳು ನುಡಿಸಲಾರದ ಆಳದ ಸ್ವರಗಳನ್ನು ಆಂಪ್ಲಿಫೈಯರ್ ಐದೂ ಚಾನೆಲ್‌ಗಳಿಂದ, ಸಾಮಾನ್ಯವಾಗಿ 80 ಹರ್ಟ್ಸ್‌ಗಿಂತ ಕೆಳಗಿನದನ್ನು, ಬಸಿದು ಅಲ್ಲಿಗೇ ಕಳಿಸುತ್ತದೆ. ಇದು ಬಾಸ್ ಮ್ಯಾನೇಜ್‌ಮೆಂಟ್. 80 ಹರ್ಟ್ಸ್‌ನ ತರಂಗ ನಾಲ್ಕು ಮೀಟರಿಗೂ ಉದ್ದ. ಅದು ಯಾವ ದಿಕ್ಕಿನಿಂದ ಬಂತೆಂದು ಕಿವಿ ಸುಲಭವಾಗಿ ಹೇಳಲಾರದ್ದರಿಂದ ಈ ಏರ್ಪಾಡು ನಡೆಯುತ್ತದೆ. ಒಂದೇ ಕೆರೆಗೆ ಎರಡು ಕಾಲುವೆಗಳು ಬಂದು ಸೇರುವ ಹಾಗೆ ಇದು. ಎಲ್‌ಎಫ್‌ಇ ಅವುಗಳಲ್ಲಿ ಒಂದು ಕಾಲುವೆ ಮಾತ್ರ, ಕೆರೆಯಲ್ಲ.

ಹಾಗಿದ್ದರೆ ಬಾಸ್ ಗಿಟಾರ್ ಎಲ್ಲಿರಬೇಕು? ಮುಖ್ಯ ಚಾನೆಲ್‌ಗಳಲ್ಲೇ ಎನ್ನುವುದು ನನ್ನ ಖಚಿತ ಅಭಿಪ್ರಾಯ. ಅದರ ಅತಿ ಕೆಳಗಿನ ತಂತಿ 41 ಹರ್ಟ್ಸ್, ಪಿಯಾನೊದ ಕೊನೆಯ ಮನೆ 27.5 ಹರ್ಟ್ಸ್. ಐದು ಚಾನೆಲ್‌ಗಳಲ್ಲಿ ಪ್ರತಿಯೊಂದೂ ಇವೆರಡನ್ನೂ ನೆಮ್ಮದಿಯಾಗಿ ಒಯ್ಯಬಲ್ಲದು. ಸ್ಟೀರಿಯೊಗೆ ಪಾಯಿಂಟ್ ಒನ್ ಎಂಬುದೇ ಇಲ್ಲ, ಆದರೂ ಅಲ್ಲಿ ಮಂದ್ರಕ್ಕೆ ಬರ ಬಂದದ್ದಿಲ್ಲ. ಅಮೆರಿಕದ ಟೆಲಾರ್ಕ್ ಕಂಪನಿ 1970ರ ದಶಕದ ಕೊನೆಯಲ್ಲಿ ಸಿನ್ಸಿನಾಟಿಯ ವಾದ್ಯವೃಂದದಿಂದ ರಷ್ಯದ ಸಂಗೀತಕಾರ ಚೈಕೋವ್ಸ್ಕಿಯ ‘1812’ ಎಂಬ ಕೃತಿಯನ್ನು ನಿಜವಾದ ಫಿರಂಗಿಗಳೊಂದಿಗೆ ಧ್ವನಿಮುದ್ರಿಸಿತು. ಆ ಎಲ್‌ಪಿ ತಟ್ಟೆಯ ಮೇಲೆ ಫಿರಂಗಿ ಸಿಡಿಯುವ ಕಡೆ ಗೀರುಗಳು ಅಂಕುಡೊಂಕಾಗಿರುವುದು ಬರಿಗಣ್ಣಿಗೇ ಕಾಣುತ್ತದೆ. ಎಷ್ಟೋ ಪ್ಲೇಯರುಗಳಲ್ಲಿ ಸೂಜಿ ಎಗರಿಯೇ ಹೋಗುತ್ತಿತ್ತು. ಅಷ್ಟೂ ಮಂದ್ರ ಹಿಡಿಸಿದ್ದು ಎರಡೇ ಚಾನೆಲ್‌ಗಳಲ್ಲಿ.

ಇಷ್ಟಾದರೂ ಬಾಸನ್ನು ಎಲ್‌ಎಫ್‌ಇಗೆ ಮಾತ್ರ ಕೊಟ್ಟರೆ ಏನಾಗುತ್ತದೆ? 5.1ನ್ನು ಸ್ಟೀರಿಯೊಗೆ ಇಳಿಸುವಾಗ ಸಾಮಾನ್ಯವಾಗಿ ಎಲ್‌ಎಫ್‌ಇಯನ್ನು ಕೈಬಿಡುತ್ತಾರೆ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಸೂತ್ರದಲ್ಲೇ ಅದಕ್ಕೆ ಜಾಗವಿಲ್ಲ. ಟಿವಿಯ ಎರಡು ಸ್ಪೀಕರುಗಳಲ್ಲಿ ಕೇಳುವವರಿಗೆ ಬಾಸ್ ಗಿಟಾರ್ ವಾದಕ ಅಂದು ರಜೆ ಹಾಕಿದಂತೆ ಕೇಳಿಸುತ್ತದೆ.

ಎರಡೂ ಕಡೆ ಇರಲಿ ಎಂದು ಕಾಲಿನಿಂದ ಬಾರಿಸುವ ಕಿಕ್ ಡ್ರಮ್ಮಿನ ಧ್ವನಿಯ ಒಂದು ಪ್ರತಿಯನ್ನು ಎಲ್‌ಎಫ್‌ಇಗೂ ಕಳಿಸುವವರಿದ್ದಾರೆ. ತೊಂದರೆ ಸೂಕ್ಷ್ಮವಾಗುವುದು ಇಲ್ಲಿ. ಆ ಪ್ರತಿ 120 ಹರ್ಟ್ಸ್‌ನ ಫಿಲ್ಟರಿನ ಮೂಲಕ ಹೋಗುತ್ತದೆ, ಮತ್ತು ಫಿಲ್ಟರ್ ಎಂಬುದು ಮೇಲಿನ ಆವರ್ತನಗಳನ್ನು ಕತ್ತರಿಸಿ ಸುಮ್ಮನಾಗುವ ಸಾಧನವಲ್ಲ, ಉಳಿದದ್ದನ್ನು ತಡಮಾಡಿಯೂ ಕಳಿಸುತ್ತದೆ. ಸ್ಟುಡಿಯೊಗಳಲ್ಲಿ ಬಳಕೆಯಲ್ಲಿರುವ, ಆಕ್ಟೇವ್‌ಗೆ (ಅಂದರೆ ಆವರ್ತನ ದುಪ್ಪಟ್ಟಾದಂತೆಲ್ಲ) 24 ಡೆಸಿಬೆಲ್ ಇಳಿಸುವ ಲಿಂಕ್‌ವಿಟ್ಜ್–ರೈಲಿ ಫಿಲ್ಟರನ್ನು ತೆಗೆದುಕೊಳ್ಳಿ. 120 ಹರ್ಟ್ಸ್‌ನ ತರಂಗ ಅದರಿಂದ ಅರ್ಧ ಆವರ್ತ ಹಿಂದೆ ಬೀಳುತ್ತದೆ, 80 ಹರ್ಟ್ಸ್‌ನದು ಸುಮಾರು ಮೂರನೇ ಒಂದು ಆವರ್ತ. ಮೂರನೇ ಒಂದು ಆವರ್ತದ ಅಂತರದಲ್ಲಿರುವ ಎರಡು ಸಮಬಲದ ತರಂಗಗಳನ್ನು ಕೂಡಿಸಿದರೆ ಬರುವುದು ಒಂದೇ ತರಂಗದಷ್ಟು ಬಲ! ಎರಡು ಪ್ರತಿ ಕಳಿಸಿಯೂ ಕೇಳುಗನಿಗೆ ಹೆಚ್ಚಾಗಿ ದಕ್ಕಿದ್ದು ಏನೂ ಇಲ್ಲ. 100 ಹರ್ಟ್ಸ್‌ನ ಬಳಿಯಂತೂ ಒಟ್ಟು ಧ್ವನಿ ಮೂಲಕ್ಕಿಂತಲೂ ತಗ್ಗುತ್ತದೆ. ಅದೇ 40 ಹರ್ಟ್ಸ್‌ನಲ್ಲಿ ಅಂತರ ಕಡಿಮೆಯಿರುವುದರಿಂದ ಎರಡೂ ಕೂಡಿ ಉಬ್ಬುತ್ತವೆ. ಕಿಕ್ ಡ್ರಮ್ಮಿನ ಬುಡ ಊದಿಕೊಳ್ಳುತ್ತದೆ, ಪೆಟ್ಟಿನ ಮೊನೆ ಮೊಂಡಾಗುತ್ತದೆ. ಇದರ ಮೇಲೆ ಕೇಳುಗನ ಆಂಪ್ಲಿಫೈಯರ್ ತನ್ನದೇ ಫಿಲ್ಟರುಗಳನ್ನು ಸೇರಿಸುವುದರಿಂದ ಸ್ಟುಡಿಯೊದಲ್ಲಿ ಒಂದು ಪರಿ, ಮನೆಯಲ್ಲಿ ಇನ್ನೊಂದು.

ಆ 10 ಡೆಸಿಬೆಲ್ ಕೂಡ ಸಂಗೀತವನ್ನು ಸಾಕಷ್ಟು ಕಾಡಿದೆ. ಸರೌಂಡ್ ಸಂಗೀತವನ್ನು ಹೊತ್ತು ಬಂದ ಡಿವಿಡಿ ಆಡಿಯೊ ಮತ್ತು ಎಸ್‌ಎಸಿಡಿ ತಟ್ಟೆಗಳ ಕಾಲದಲ್ಲಿ ಕೆಲವು ಉಪಕರಣಗಳು ಅದನ್ನು ಸೇರಿಸುತ್ತಿದ್ದವು, ಕೆಲವು ಸೇರಿಸುತ್ತಿರಲಿಲ್ಲ. ಒಂದೇ ತಟ್ಟೆ ಒಂದು ಮನೆಯಲ್ಲಿ ಬಡಕಲು, ಪಕ್ಕದ ಮನೆಯಲ್ಲಿ ಬೊಜ್ಜು.

ಜರ್ಮನಿಯ ಎಂಡಿಜಿ ಕಂಪನಿ ಇದಕ್ಕೆ ಕಂಡುಕೊಂಡ ದಾರಿ ನನಗೆ ಬಹಳ ಇಷ್ಟ. ಆ ತಟ್ಟೆಗಳಲ್ಲಿ ಆರನೆಯ ಚಾನೆಲ್ 120 ಹರ್ಟ್ಸ್‌ಗೆ ನಿಲ್ಲದೆ ಪೂರ್ಣ ವ್ಯಾಪ್ತಿಯನ್ನು ಒಯ್ಯಬಲ್ಲದ್ದಾಗಿತ್ತು. ಶಾಸ್ತ್ರೀಯ ಸಂಗೀತಕ್ಕೆ ಎಲ್‌ಎಫ್‌ಇಯ ಅಗತ್ಯವೇ ಇಲ್ಲ ಎಂದು ತೀರ್ಮಾನಿಸಿದ ಅವರು, ಅದನ್ನೂ ನಡುವಿನ ಚಾನೆಲನ್ನೂ ಎತ್ತಿ ಮುಂದಿನ ಎರಡು ಸ್ಪೀಕರುಗಳ ಮೇಲೆ ತೂಗುವ ಇನ್ನೆರಡು ಸ್ಪೀಕರುಗಳಿಗೆ ಕೊಟ್ಟರು. ಗುಡುಗಿಗೆಂದು ಇಟ್ಟ ದಾರಿಯಲ್ಲಿ ಸಭಾಂಗಣದ ಎತ್ತರ ಹರಿದು ಬಂತು.

ಇಂದಿನ ಡಾಲ್ಬಿ ಅಟ್ಮಾಸ್‌ನಲ್ಲಿ ಎತ್ತರಕ್ಕೆ ಅದರದ್ದೇ ಸ್ಪೀಕರುಗಳಿವೆ, ಎಲ್‌ಎಫ್‌ಇಯೂ ಉಳಿದಿದೆ. ಅಲ್ಲಿ ಕೋಣೆಯೆಲ್ಲ ಓಡಾಡಬಲ್ಲ ‘ಆಬ್ಜೆಕ್ಟ್’ ಧ್ವನಿಗಳಿಗೆ ಎಲ್‌ಎಫ್‌ಇಗೆ ಹೋಗುವ ಬಾಗಿಲೇ ಇಲ್ಲ. ‘ಬೆಡ್’ ಎಂಬ ಸ್ಥಿರ ಚಾನೆಲ್‌ಗಳ ಗುಂಪಿನ ಮೂಲಕವಷ್ಟೇ ಅದನ್ನು ತಲುಪಬಹುದು. ಬಳಸಲೇಬೇಕೆಂದಿದ್ದರೆ, ಮೂಲದ ಪ್ರತಿಯ ಬದಲು ಅದಕ್ಕೆಂದೇ ಹೊಸದಾಗಿ ಹುಟ್ಟಿಸಿದ ಒಂದು ಆಳದ ಸ್ವರವನ್ನೋ ಫಿರಂಗಿಯ ಹೆಚ್ಚುವರಿ ಅದುರನ್ನೋ ಹಾಕುವುದು ಒಳ್ಳೆಯದು. ಆಮೇಲೆ ಎಲ್‌ಎಫ್‌ಇಯ ಮ್ಯೂಟ್ ಗುಂಡಿ ಒತ್ತಿ ಹಾಡನ್ನು ಮೊದಲಿನಿಂದ ಕೇಳಬೇಕು. ಬಾಸ್ ಗಿಟಾರಿನ ಒಂದು ಸ್ವರ ಕಾಣೆಯಾದರೂ ಮಿಕ್ಸ್ ಇನ್ನೂ ಮುಗಿದಿಲ್ಲ.