ಹೆಲ್ಪ್‌ನಲ್ಲಿ ಸಾಲು ಮುರಿಯುವವರು ಯಾರು?

ದಾವಣಗೆರೆ ಎಪಿಎಂಸಿಯ ಮೆಕ್ಕೆಜೋಳದ ಲೆಕ್ಕಕ್ಕೆ ಒಂದು ಸಣ್ಣ ಪೈಥಾನ್ ಪ್ರೋಗ್ರಾಂ ಬರೆದಿದ್ದೀರಿ ಎನ್ನಿ. ಚೀಲದ ಎಣಿಕೆ, ತೂಕ, ತೇವಾಂಶ, ಹಮಾಲಿ, ಕ್ವಿಂಟಾಲ್ ದರ ಕೊಟ್ಟರೆ ಚೀಟಿ ತಯಾರು. ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ಪ್ರೋಗ್ರಾಂ ಬಳಸುವುದು ಹೇಗೆಂದು ತಿಳಿಸುವ ಹೆಲ್ಪ್ ಕೇಳಿದರೆ, ಕಮಾಂಡಿನ ಜೊತೆ ಕೊಡುವ ಕೆಲವು ಆಪ್ಶನ್‌ಗಳ ವಿವರಣೆ ಪಕ್ಕದಲ್ಲೇ ಕೂತಿದೆ, ಕೆಲವದ್ದು ಕೆಳಗಿನ ಸಾಲಿಗೆ ಇಳಿದಿದೆ. ನೀವು ಸಾಲು ಸಾಲಾಗಿ ಬರೆದಿದ್ದ ಪರಿಚಯವೆಲ್ಲ ಒಂದೇ ಪ್ಯಾರಾ ಆಗಿ ಕಲಸಿಹೋಗಿದೆ. ಇದು ದೋಷವಲ್ಲ, ಹೆಲ್ಪ್ ತಯಾರಿಸಿಕೊಡುವ ಪೈಥಾನ್‌ನ ಆರ್ಗ್‌ಪಾರ್ಸ್ ಲೈಬ್ರರಿ (ಸಿದ್ಧ ಕೋಡ್) ಬೇಕೆಂದೇ ಮಾಡಿದ್ದು. ಸಾಲನ್ನು ಎಲ್ಲಿ ಮುರಿಯಬೇಕೆಂಬ ಅಧಿಕಾರ ಪ್ರೋಗ್ರಾಂ ಬರೆದವರ ಕೈತಪ್ಪಿ ಲೈಬ್ರರಿಗೆ ಹೋದದ್ದು ನಿಧಾನವಾಗಿ, ಕಾರಣವಿದ್ದೇ.

ಯುನಿಕ್ಸ್ ಆಪರೇಟಿಂಗ್ ಸಿಸ್ಟಂನ ಗೆಟ್‌ಆಪ್ಟ್ ಫಂಕ್ಷನ್ನಿನ ಸೋರ್ಸ್ ಕೋಡನ್ನು ಎಟಿ ಆಂಡ್ ಟಿ 1985ರಲ್ಲಿ ಸಾರ್ವಜನಿಕಗೊಳಿಸಿತು. ಅದರ ಕೆಲಸ ಆಪ್ಶನ್‌ಗಳನ್ನು ಬಿಡಿಸಿಕೊಡುವುದಷ್ಟೆ. ಹೆಲ್ಪ್‌ಗೂ ಅದಕ್ಕೂ ಸಂಬಂಧವಿಲ್ಲ. ಬಳಕೆಯ ಸಾಲನ್ನು ಪ್ರೋಗ್ರಾಮರ್ ಪರದೆಗೆ ಪಠ್ಯ ಕಳಿಸುವ ಪ್ರಿಂಟ್‌ಎಫ್ ಫಂಕ್ಷನ್ನಿನಲ್ಲಿ ಕೈಯಾರೆ ಬರೆಯಬೇಕಿತ್ತು. ಬರೆದಂತೆಯೇ ಅದು ಪರದೆಗೆ ಬರುತ್ತಿತ್ತು, ಆ ಮಟ್ಟಿಗೆ ಸುಖ. ಕಷ್ಟವೆಂದರೆ ಹೊಸ ಆಪ್ಶನ್ ಸೇರಿಸಿದವರು ಹೆಲ್ಪ್ ತಿದ್ದಲು ಮರೆಯುತ್ತಿದ್ದರು. ಕೋಡ್ ಒಂದು ಹೇಳಿದರೆ ಹೆಲ್ಪ್ ಇನ್ನೊಂದು ಹೇಳುತ್ತಿತ್ತು. ಅಗಲದ ಬಗ್ಗೆ ಮಾತ್ರ ಯಾರಿಗೂ ಚಿಂತೆಯಿರಲಿಲ್ಲ. 1928ರ ಐಬಿಎಂ ಪಂಚ್ ಕಾರ್ಡಿನ 80 ಕಾಲಂ 1978ರ ವಿಟಿ100 ಟರ್ಮಿನಲ್‌ನಲ್ಲೂ 80 ಕಾಲಂ ಆಗಿಯೇ ಉಳಿದಿತ್ತು.

ಮುಕ್ತ ತಂತ್ರಾಂಶದ ಗ್ನೂ ಯೋಜನೆ ಶಿಸ್ತು ತಂದಿತು. ಎಲ್ಲ ಪ್ರೋಗ್ರಾಂಗಳೂ --ಹೆಲ್ಪ್ ಮತ್ತು --ವರ್ಶನ್ ಒಪ್ಪಬೇಕು, ಹೆಲ್ಪ್ ಸ್ಟ್ಯಾಂಡರ್ಡ್ ಔಟ್‌ಪುಟ್‌ಗೆ (ಎರರ್‌ಗಳದ್ದಲ್ಲದ, ಸಾಮಾನ್ಯ ಉತ್ತರದ ದಾರಿಗೆ) ಹೋಗಬೇಕು, ಪ್ರೋಗ್ರಾಂ ಯಶಸ್ವಿಯಾಗಿ ಮುಗಿಯಬೇಕು ಎಂಬುದು ಅದರ ನಿಯಮ. ಕೇಳಿ ಪಡೆದ ಹೆಲ್ಪನ್ನು ಎರರ್ ದಾರಿಗೆ ಬಿಟ್ಟರೆ ಪುಟಪುಟವಾಗಿ ತೋರಿಸುವ ಲೆಸ್ ಪ್ರೋಗ್ರಾಂಗೆ ಪೈಪ್ ಮಾಡಿದವರಿಗೆ, ಅಂದರೆ ಹರಿಸಿದವರಿಗೆ, ಪುಟ ತಿರುಗಿಸಲು ಏನೂ ಸಿಗುವುದಿಲ್ಲ. ಪಠ್ಯ ಪರದೆಯಲ್ಲಿ ಸರ್ರನೆ ಹಾದುಹೋಗುತ್ತದೆ. ಈ ತಪ್ಪು ಇವತ್ತಿಗೂ ಕಾಣುತ್ತದೆ.

ಗ್ನೂನವರ ಆರ್ಗ್‌ಪಿ ಲೈಬ್ರರಿ ಇನ್ನೂ ಮುಂದೆ ಹೋಯಿತು: ಹೆಲ್ಪನ್ನು ಆಪ್ಶನ್ ಪಟ್ಟಿಯಿಂದಲೇ ತಯಾರಿಸಿ, ವಿನ್ಯಾಸ ಬದಲಿಸುವ ಹಕ್ಕನ್ನು ಬಳಕೆದಾರರಿಗೇ ಕೊಟ್ಟಿತು. ಎಆರ್‌ಜಿಪಿ_ಹೆಲ್ಪ್_ಎಫ್‌ಎಂಟಿ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್‌ನಲ್ಲಿ (ಪ್ರೋಗ್ರಾಂಗೆ ಹೊರಗಿನಿಂದ ಕೊಡುವ ಸೆಟ್ಟಿಂಗ್) ವಿವರಣೆ ಶುರುವಾಗುವ ಕಾಲಂ (ಹೇಳದಿದ್ದರೆ 29), ಬಲ ಅಂಚು (79), ಉದ್ದ ಆಪ್ಶನ್ ಶುರುವಾಗುವ ಜಾಗ (6) ಎಲ್ಲವನ್ನೂ ಬದಲಿಸಬಹುದು. ಫೈಲ್‌ಗಳನ್ನು ಒಟ್ಟು ಕಟ್ಟುವ ಗ್ನೂ ಟಾರ್ ಪ್ರೋಗ್ರಾಂನಲ್ಲಿ ಇದನ್ನು ಪರೀಕ್ಷಿಸಬಹುದು: ಬಲ ಅಂಚನ್ನು 60ಕ್ಕೆ ಇಳಿಸಿ ಹೆಲ್ಪ್ ಕೇಳಿದರೆ ಪಠ್ಯ ಹೊಸದಾಗಿ ಮಡಿಚಿಕೊಳ್ಳುತ್ತದೆ. ಇಷ್ಟು ಒಳ್ಳೆಯ ಸೌಲಭ್ಯ ಬಹುತೇಕರ ಕಣ್ಣಿಗೇ ಬಿದ್ದಿಲ್ಲ.

ಪೈಥಾನ್ 2.3ರ (2003) ಆಪ್ಟ್‌ಪಾರ್ಸ್ ಲೈಬ್ರರಿಗೆ ವಿವರಣೆಯ ಕಾಲಂ 24ಕ್ಕಿಂತ ಆಚೆ ಹೋಗಬಾರದು ಎಂಬ ಮಿತಿಯಿತ್ತು. ಪಿಇಪಿ 389 ಎಂಬ ಪೈಥಾನ್ ಸುಧಾರಣೆಯ ಪ್ರಸ್ತಾವದ ಮೂಲಕ 2010ರಲ್ಲಿ ಪೈಥಾನ್ 2.7ಕ್ಕೆ ಬಂದ ಆರ್ಗ್‌ಪಾರ್ಸ್ ಅದೇ 24ನ್ನು ಉಳಿಸಿಕೊಂಡಿತು. ಮೇಲೆ ಹೇಳಿದ ಏರುಪೇರಿನ ಮೂಲ ಇದೇ. ಎಡಕ್ಕೆ 2 ಖಾಲಿ, ನಡುವೆ 2 ಖಾಲಿ ಕಳೆದರೆ ಆಪ್ಶನ್ನಿಗೆ ಉಳಿಯುವುದು 20 ಅಕ್ಷರ. --ಔಟ್‌ಪುಟ್-ಫಾರ್ಮ್ಯಾಟ್ ಎಂಬುದು ಇಂಗ್ಲಿಷ್ ಅಕ್ಷರದಲ್ಲಿ 15. ಅದಕ್ಕೆ ಕೊಡುವ ಮೌಲ್ಯದ ಹೆಸರು, ಅಂದರೆ ಮೆಟಾವಾರ್, ಫಾರ್ಮ್ಯಾಟ್ ಎಂದಿದ್ದರೆ ಅದಕ್ಕೆ 6, ನಡುವಿನ ಖಾಲಿ 1, ಒಟ್ಟು 22. ಎರಡೇ ಅಕ್ಷರ ಹೆಚ್ಚಾಯಿತು, ವಿವರಣೆ ಕೆಳಕ್ಕಿಳಿಯಿತು. -ಓ ಎಂಬ ಚಿಕ್ಕ ರೂಪವೂ ಇದ್ದರೆ ಹಳೆಯ ಆರ್ಗ್‌ಪಾರ್ಸ್ ಮೆಟಾವಾರನ್ನು ಎರಡೆರಡು ಸಲ ಬರೆದು 33ಕ್ಕೆ ಮುಟ್ಟಿಸುತ್ತಿತ್ತು. ಹೀಗೆ ಎರಡು ಸಲ ಬರೆಯುವ ರೂಢಿಯನ್ನು ಆರ್ಗ್‌ಪಿ ಮೊದಲಿಂದಲೂ ಇಟ್ಟುಕೊಂಡಿರಲಿಲ್ಲ. ಪೈಥಾನ್ ಬಿಟ್ಟದ್ದು 3.13ರಲ್ಲಿ. ಈಗ ಅದೇ ಸಾಲು 26.

ಸರಿಪಡಿಸುವುದು ಕಷ್ಟವಲ್ಲ. ಪಾರ್ಸರ್ (ಆಪ್ಶನ್‌ಗಳನ್ನು ಬಿಡಿಸುವ ಭಾಗ) ಕಟ್ಟುವಾಗ ಫಾರ್ಮ್ಯಾಟರ್_ಕ್ಲಾಸ್ ಜಾಗದಲ್ಲಿ ಒಂದು ಲ್ಯಾಂಬ್ಡಾ (ಹೆಸರಿಲ್ಲದ ಪುಟ್ಟ ಫಂಕ್ಷನ್) ಇಟ್ಟು, ಅದರಿಂದ ಹೆಲ್ಪ್‌ಫಾರ್ಮ್ಯಾಟರ್‌ಗೆ ಮ್ಯಾಕ್ಸ್_ಹೆಲ್ಪ್_ಪೊಸಿಷನ್ 36, ಬೇಕಿದ್ದರೆ ವಿಡ್ತ್ 90 ಎಂದು ಕಳಿಸಿದರೆ ಸಾಕು. ಆದರೆ 36 ಕೊಟ್ಟ ಮಾತ್ರಕ್ಕೆ 36 ಸಿಗುತ್ತದೆಂಬ ಭರವಸೆಯಿಲ್ಲ. ವಿವರಣೆಗೆ ಕನಿಷ್ಠ 20 ಕಾಲಂ ಉಳಿಸಬೇಕೆಂದು ಆರ್ಗ್‌ಪಾರ್ಸ್ ನಿಮ್ಮ ಸಂಖ್ಯೆಯನ್ನು ಮೊಟಕುಗೊಳಿಸುತ್ತದೆ; ಅಗಲ 50 ಇದ್ದರೆ ಅದು 30ಕ್ಕೆ ನಿಲ್ಲುತ್ತದೆ. ದೊಡ್ಡ ಪರದೆಯಲ್ಲಿ ಚೆಂದ ಕಂಡದ್ದು ಅರ್ಧ ಕಿಟಕಿಯಲ್ಲಿ ಕೆಡುವುದು ಇದಕ್ಕೇ.

ಸಾಲುಗಳು ಬರೆದಂತೆಯೇ ಉಳಿಯಬೇಕಾದರೆ ಎರಡು ಸಿದ್ಧ ಕ್ಲಾಸ್‌ಗಳಿವೆ. ರಾಡಿಸ್ಕ್ರಿಪ್ಶನ್‌ಹೆಲ್ಪ್‌ಫಾರ್ಮ್ಯಾಟರ್ ಪರಿಚಯ ಮತ್ತು ಕೊನೆಯ ಟಿಪ್ಪಣಿಯನ್ನು ಮಾತ್ರ ಮುಟ್ಟದೆ ಬಿಡುತ್ತದೆ. ರಾಟೆಕ್ಸ್ಟ್ ಎಂದು ಶುರುವಾಗುವುದು ಪ್ರತಿ ಆಪ್ಶನ್ನಿನ ವಿವರಣೆಯನ್ನೂ ಬಿಡುತ್ತದೆ. ನಮ್ಮ ಮತ ಮೊದಲನೆಯದಕ್ಕೆ. ಬಳಕೆಯ ಉದಾಹರಣೆಗಳಿಗೆ ಸಾಲು ಮುಖ್ಯ. ಆಪ್ಶನ್ ವಿವರಣೆ ಪರದೆಗೆ ತಕ್ಕಂತೆ ಮಡಿಚಿಕೊಳ್ಳಲಿ. ಪೂರ್ವನಿಯೋಜಿತ ಮೌಲ್ಯಗಳೂ ಕಾಣಬೇಕೆಂದರೆ ಇದನ್ನೂ ಆರ್ಗ್ಯುಮೆಂಟ್‌ಡಿಫಾಲ್ಟ್ಸ್ ಕ್ಲಾಸನ್ನೂ ಸೇರಿಸಿ ಖಾಲಿ ಮೈಯ ಒಂದು ಹೊಸ ಕ್ಲಾಸ್ ಬರೆಯಿರಿ. ಇದಕ್ಕಿಂತ ಆಳಕ್ಕಿಳಿದು ಅಂಡರ್‌ಸ್ಕೋರ್‌ನಿಂದ ಶುರುವಾಗುವ ಮೆಥಡ್‌ಗಳನ್ನು ತಿದ್ದುವುದು ಅಪಾಯ: ಈ ಕ್ಲಾಸ್‌ಗಳ ಹೆಸರಷ್ಟೇ ಸಾರ್ವಜನಿಕ, ಒಳಗಿನದೆಲ್ಲ ಯಾವಾಗ ಬೇಕಾದರೂ ಬದಲಾಗಬಹುದು.

ಆಪ್ಶನ್ ವಿವರಣೆಯಲ್ಲಿ “ತೇವಾಂಶ 14% ಮೀರಿದರೆ ಕಡಿತ” ಎಂದು ಬರೆದವರಿಗೆ ಇನ್ನೊಂದು ಏಟು ಕಾದಿರುತ್ತದೆ. ಶೇಕಡಾ ಚಿಹ್ನೆ ಅಲ್ಲಿ ಮೌಲ್ಯ ತುಂಬುವ ಗುರುತು. ಮುಂದಿನ ‘ಮೀ’ ಅದಕ್ಕೆ ಅರ್ಥವಾಗದೆ ವ್ಯಾಲ್ಯೂಎರರ್ ಬರುತ್ತದೆ. ಬಹುಕಾಲ ಈ ದೋಷ ಪ್ರೋಗ್ರಾಂ ಓಡುವಾಗ ಸುಮ್ಮನಿದ್ದು, ಯಾರಾದರೂ ಹೆಲ್ಪ್ ಕೇಳಿದಾಗಷ್ಟೇ ಹೊರಬೀಳುತ್ತಿತ್ತು. ಚಿಹ್ನೆಯನ್ನು ಎರಡು ಸಲ ಬರೆದರೆ ಸರಿಹೋಗುತ್ತದೆ.

ಉಳಿದ ಲೈಬ್ರರಿಗಳು ಬೇರೆ ಬೇರೆ ದಾರಿ ಹಿಡಿದವು. 2012ರ ಡಾಕ್‌ಆಪ್ಟ್ ಲೆಕ್ಕವನ್ನೇ ತಿರುಗಿಸಿತು: ಹೆಲ್ಪನ್ನು ನೀವು ಬರೆಯಿರಿ, ಅದನ್ನು ಓದಿ ಪಾರ್ಸರ್ ತಾನೇ ತಯಾರಾಗುತ್ತದೆ. ವಿನ್ಯಾಸ ಪೂರ್ತಿ ನಿಮ್ಮದು, ಆದರೆ ಆಪ್ಶನ್ನಿಗೂ ವಿವರಣೆಗೂ ನಡುವೆ ಎರಡು ಖಾಲಿ ಬಿಡುವ ಬದಲು ಒಂದೇ ಬಿಟ್ಟರೆ ವಿವರಣೆಯ ಮೊದಲ ಪದವನ್ನೇ ಅದು ಮೆಟಾವಾರ್ ಎಂದು ಓದಿಬಿಡಬಹುದು. ಗೋ ಭಾಷೆಯ ಕೋಬ್ರಾ, ರಸ್ಟ್‌ನ ಕ್ಲ್ಯಾಪ್ ಎರಡೂ ಟೆಂಪ್ಲೇಟ್ ಕೊಡುತ್ತವೆ. ಕ್ಲ್ಯಾಪ್‌ನಲ್ಲಿ ಟರ್ಮಿನಲ್ ಅಗಲಕ್ಕೆ ತಕ್ಕ ಮಡಿಕೆ ಬೇಕಾದರೆ ವ್ರ್ಯಾಪ್_ಹೆಲ್ಪ್ ಫೀಚರನ್ನು ಬೇರೆಯಾಗಿ ಆನ್ ಮಾಡಬೇಕು.

ಕನ್ನಡದಲ್ಲಿ ಹೆಲ್ಪ್ ಬರೆಯಹೊರಟರೆ ಇನ್ನೊಂದು ತೊಡಕು: ಅಕ್ಷರವನ್ನು ಎಣಿಸುವುದು ಹೇಗೆ? ‘ಮೆಕ್ಕೆಜೋಳ’ ಕಣ್ಣಿಗೆ 4 ಅಕ್ಷರ. ಯುನಿಕೋಡ್ ಲೆಕ್ಕದಲ್ಲಿ 9 ಕೋಡ್ ಪಾಯಿಂಟ್ (ಅಕ್ಷರದ ಪ್ರತಿ ಬಿಡಿ ಭಾಗಕ್ಕೆ ಒಂದು), ಯುಟಿಎಫ್-8ರಲ್ಲಿ 27 ಬೈಟ್. ಟರ್ಮಿನಲ್ ಕಾಲಂ ಎಷ್ಟೆಂದರೆ ‘ಜೋ’ದ ಓ ಚಿಹ್ನೆಗೆ ಜಾಗ ಕೊಡುವ ಲೈಬ್ರರಿಗೆ 6, ಕೊಡದಿದ್ದಕ್ಕೆ 5. ಸಿ ಭಾಷೆಯ ಪ್ರಿಂಟ್‌ಎಫ್ ಎಣಿಸುವುದು ಬೈಟ್. 24ರ ಅಗಲ ಕೇಳಿದರೆ 27 ಆಗಲೇ ಮೀರಿದೆ ಎಂದು ಒಂದೂ ಖಾಲಿ ಹಾಕದೆ ವಿವರಣೆಯನ್ನು ಅಂಟಿಸಿಬಿಡುತ್ತದೆ. ಪೈಥಾನ್ ಕೋಡ್ ಪಾಯಿಂಟ್ ಎಣಿಸುವುದರಿಂದ ಅಲ್ಲಿ ಕಾಲಂ ಮೂರು ನಾಲ್ಕು ಜಾಗ ಎಡಕ್ಕೆ ಸರಿಯುತ್ತದೆ.

ಇದಕ್ಕೆ ಸರಳ ದಾರಿ: ಎಡ ಕಾಲಂನಲ್ಲಿ ಕನ್ನಡ ಬೇಡ. ಆಪ್ಶನ್ನಿನ ಹೆಸರನ್ನೂ ಮೆಟಾವಾರನ್ನೂ ಇಂಗ್ಲಿಷ್ ಅಕ್ಷರದಲ್ಲೇ ಇಡಿ. ‘ತೂಕ’, ‘ದರ’, ‘ಚೀಟಿ’ ಎಂಬ ಗುಂಪಿನ ಶೀರ್ಷಿಕೆಗಳು, ವಿವರಣೆಗಳು ಕನ್ನಡದಲ್ಲಿರಲಿ. ಜೋಡಣೆ ನಿಂತಿರುವುದು ಎಡ ಕಾಲಂನ ಅಗಲದ ಮೇಲೆ. ಬಲಗಡೆ ಎಣಿಕೆ ತಪ್ಪಿದರೆ ಸಾಲು ತುಸು ಬೇಗ ಮಡಿಚಿಕೊಳ್ಳುತ್ತದೆ, ಅಷ್ಟೆ.

ಹೆಲ್ಪನ್ನು ಓದುವವರು ಮನುಷ್ಯರಷ್ಟೇ ಅಲ್ಲ. ಹೆಲ್ಪ್‌2ಮ್ಯಾನ್ ಅದರಿಂದ ಮ್ಯಾನ್ ಪುಟ (ಯುನಿಕ್ಸ್ ಕೈಪಿಡಿಯ ಪುಟ) ತಯಾರಿಸುತ್ತದೆ, ಕಮಾಂಡ್‌ಗಳನ್ನು ಓಡಿಸುವ ಬ್ಯಾಶ್‌ನ ಕಂಪ್ಲೀಶನ್ ಸ್ಕ್ರಿಪ್ಟ್‌ಗಳು ಆಪ್ಶನ್ ಹೆಸರುಗಳನ್ನು ಹೆಕ್ಕುತ್ತವೆ. ಸಾಲಿನ ಆರಂಭದಲ್ಲಿ ಡ್ಯಾಶ್ ಬದಲು ಅಲಂಕಾರದ ಗೆರೆ ಹಾಕಿದರೆ ಅವು ಎಡವುತ್ತವೆ. ಹೆಲ್ಪನ್ನು ಅಕ್ಷರಶಃ ಹೋಲಿಸುವ ಟೆಸ್ಟ್‌ಗಳೂ ಹಾಗೆಯೇ: ಪೈಥಾನ್ 3.10 ಒಂದು ಶೀರ್ಷಿಕೆಯನ್ನು ‘ಆಪ್ಶನಲ್ ಆರ್ಗ್ಯುಮೆಂಟ್ಸ್’ನಿಂದ ‘ಆಪ್ಶನ್ಸ್’ ಎಂದು ಬದಲಿಸಿದ್ದಕ್ಕೇ ಅಂಥವು ಬಿದ್ದವು. 3.14ರಲ್ಲಿ ಬಣ್ಣವೂ ಬಂತು. ಬೇಡವಾದರೆ ಪಾರ್ಸರ್‌ಗೆ ಕಲರ್ ಫಾಲ್ಸ್ ಎನ್ನಬೇಕು.

ಪರೀಕ್ಷಿಸುವಾಗ ಕಿಟಕಿ ಎಳೆದು ನೋಡಿದರೆ ಸಾಲದು. ಬ್ಯಾಶ್ ತನ್ನ ಕಾಲಮ್ಸ್ ವೇರಿಯಬಲನ್ನು (ಕಿಟಕಿಯ ಅಗಲ) ತಾನು ಓಡಿಸುವ ಪ್ರೋಗ್ರಾಂಗಳಿಗೆ ಎಕ್ಸ್‌ಪೋರ್ಟ್ ಮಾಡುವುದಿಲ್ಲ. ಪೈಪ್ ಮಾಡಿದಾಗ ಆರ್ಗ್‌ಪಾರ್ಸ್‌ಗೆ ಅಗಲ ತಿಳಿಯದೆ 80 ಎಂದು ಹಿಡಿದು, ಅದರಲ್ಲಿ 2 ಕಳೆದು 78ಕ್ಕೆ ಮಡಿಚುತ್ತದೆ. ಕಮಾಂಡಿನ ಮುಂದೆಯೇ ಕಾಲಮ್ಸ್=50, ಆಮೇಲೆ ಕಾಲಮ್ಸ್=120 ಎಂದು ಕೊಟ್ಟು, ಎರಡರ ಹೆಲ್ಪನ್ನೂ ಫೈಲ್‌ಗೆ ಇಳಿಸಿ ಪಕ್ಕಪಕ್ಕ ಇಟ್ಟು ನೋಡಬೇಕು.